ಅಪ್ಪನ ಬ್ಯಾಟು, ಲೇವರ್ ಬ್ಯಾಕ್‌ಹ್ಯಾಂಡು

ಅಕ್ಕನ ಮಗ ದಸರಾ ರಜಕ್ಕೆ ಮೈಸೂರಿಗೆ ಬಂದಿದ್ದ. ಹದಿನೇಳು ವರ್ಷದ ಹುಡುಗ. ಬೆಂಗಳೂರಿನ ಅಕಾಡೆಮಿಯೊಂದರಲ್ಲಿ ದಿನಕ್ಕೆ ನಾಲ್ಕು ಗಂಟೆ ಟೆನಿಸ್ ಆಡುತ್ತಾನೆ. ಊಟ ಮುಗಿಸಿ ಹಜಾರದಲ್ಲಿ ಕೂತು, ನಾನೇ ಹಿಂದಿನ ವಾರ ಕಳಿಸಿದ್ದ ವಿಡಿಯೊವನ್ನು ಫೋನಿನಲ್ಲಿ ನೋಡುತ್ತಿದ್ದ. 1969ರ ವಿಂಬಲ್ಡನ್ ಫೈನಲ್, ಆಸ್ಟ್ರೇಲಿಯಾದ ರಾಡ್ ಲೇವರ್ ಮತ್ತು ಜಾನ್ ನ್ಯೂಕೋಂಬ್. ಎರಡು ನಿಮಿಷ ಆಗಿರಬೇಕು, ತಲೆ ಎತ್ತಿ ಕೇಳಿದ: "ಚಿಕ್ಕಮ್ಮ, ಇದು ಸ್ಲೋ ಮೋಷನ್ನಾ?" ಅಲ್ಲ ಕಣೋ, ಅವತ್ತು ಆಡಿದ್ದೇ ಹಾಗೆ ಅಂದೆ. "ಹಂಗಾದ್ರೆ ಇವ್ರು ಈಗ ಬಂದ್ರೆ ಕ್ವಾಲಿಫೈಯಿಂಗಲ್ಲೇ ಮನೆಗೆ ಹೋಗ್ತಾರೆ ಬಿಡು. ಜೋಕೊವಿಚ್ ಮುಂದೆ ಒಂದು ಗೇಮ್ ಬರಲ್ಲ."

ಮಾತಿನಲ್ಲಿ ಕೊಬ್ಬಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ, ಅದೇ ಆಮೇಲೆ ಕೊರೆಯತೊಡಗಿದ್ದು. ಹಜಾರದ ಗೋಡೆಯ ಮೇಲಿನ ಫೋಟೊದಲ್ಲಿ ನನ್ನ ಅಪ್ಪ, ಅವನ ತಾತ, ಬಿಳಿ ಚಡ್ಡಿ, ಬಿಳಿ ಕ್ಯಾನ್ವಾಸ್ ಶೂನಲ್ಲಿ ನಿಂತಿದ್ದಾರೆ. ಅಪ್ಪನಿಗೆ ಲೇವರ್ ಅಂದರೆ ಆಟದ ಕೊನೆಯ ಮಾತು. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಐದೂವರೆಗೆ ಕ್ಲಬ್ಬಿಗೆ ಹೋಗಿ, ಕತ್ತಲಾಗುವವರೆಗೆ ಆಡಿ ಬರುತ್ತಿದ್ದ ಮನುಷ್ಯ. ಅವರು ಇದ್ದಿದ್ದರೆ ಮೊಮ್ಮಗನಿಗೆ ಏನು ಹೇಳುತ್ತಿದ್ದರು ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಅಟ್ಟದಿಂದ ಇಳಿದ ಬ್ಯಾಟು

ಅಪ್ಪನ ಡನ್‌ಲಪ್ ಮ್ಯಾಕ್ಸ್‌ಪ್ಲೈ ಬ್ಯಾಟು ಅಟ್ಟದ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿಟ್ಟು, ಮರದ ಪ್ರೆಸ್‌ನೊಳಗೆ ಭದ್ರವಾಗಿತ್ತು. ನಾಲ್ಕು ಮೂಲೆಗೂ ಸ್ಕ್ರೂ ಬಿಗಿಯುವ ಆ ಪ್ರೆಸ್ ಇಲ್ಲದೆ ಮರದ ಬ್ಯಾಟನ್ನು ಮಳೆಗಾಲ ದಾಟಿಸಲಾಗುತ್ತಿರಲಿಲ್ಲ; ಥಂಡಿಗೆ ಚೌಕಟ್ಟು ಸೊಟ್ಟಗಾಗಿಬಿಡುತ್ತಿತ್ತು. ಲೇವರ್ ಆಡುತ್ತಿದ್ದದ್ದೂ ಇದರಲ್ಲೇ ಅಂತ, ಮದುವೆಗೆ ಮುಂಚೆ ಎರಡು ತಿಂಗಳ ಉಳಿತಾಯ ಕೊಟ್ಟು ಅಪ್ಪ ಇದನ್ನು ಕೊಂಡಿದ್ದರಂತೆ. ಅದರ ಗಟ್, ಅಂದರೆ ಬ್ಯಾಟಿಗೆ ಹೆಣೆಯುವ ಎಳೆ, ಪೂರ್ತಿ ಹೋಗಿತ್ತು. ಅಂಗಡಿಗೆ ತೆಗೆದುಕೊಂಡು ಹೋದರೆ ಅವರು ಬ್ಯಾಟನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು, "ಮೇಡಂ, ಇದನ್ನ ಜಾಸ್ತಿ ಎಳೆಯಲ್ಲ, ಮುರಿದುಹೋಗತ್ತೆ" ಅಂದು, ಸಡಿಲವಾಗಿಯೇ ಗಟ್ ಹಾಕಿ ಕೊಟ್ಟರು.

ಮರುದಿನ ಬೆಳಿಗ್ಗೆ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಹುಡುಗನ ಕೈಗೆ ಅದನ್ನು ಕೊಟ್ಟೆ, ಅವನ ಬ್ಯಾಟನ್ನು ನಾನು ತೆಗೆದುಕೊಂಡೆ. ಮೊದಲ ಹತ್ತು ನಿಮಿಷ ಒಂದು ರ‍್ಯಾಲಿಯೂ ಆಗಲಿಲ್ಲ. ಅವನದು ಅಂಗೈ ಪೂರ್ತಿ ಹಿಡಿಕೆಯ ಕೆಳಗೆ ಹೋಗುವ ಹಿಡಿತ, ಕೆಳಗಿನಿಂದ ಮೇಲಕ್ಕೆ ಕಿವಿಯ ಪಕ್ಕದವರೆಗೂ ಬೀಸುವ ಫೋರ್‌ಹ್ಯಾಂಡ್. ಅವನ ಬ್ಯಾಟಿನ ಮುಖ 100 ಚದರ ಇಂಚು. ಅಪ್ಪನದು ಅದರ ಮೂರನೇ ಎರಡರಷ್ಟು ಮಾತ್ರ, ತೂಕ ಮಾತ್ರ ಬಹಳ ಜಾಸ್ತಿ. ಅಷ್ಟು ಸಣ್ಣ ಮುಖವನ್ನು ಅಷ್ಟು ಕಡಿದಾಗಿ ಮೇಲೆತ್ತಿದರೆ ಚೆಂಡಿಗೆ ಸಿಗುವುದು ಚೌಕಟ್ಟು. ಠಕ್ ಠಕ್ ಅಂತ ಮರದ ಸದ್ದು, ಚೆಂಡು ಪಕ್ಕದ ಕೋರ್ಟಿಗೆ. ನೆರಳಲ್ಲಿ ಕೂತಿದ್ದ ಹಳೆಯ ಮಾರ್ಕರ್, ಸದಸ್ಯರ ಜೊತೆ ಆಡಿ ಕಲಿಸುವ ಕ್ಲಬ್ಬಿನ ನೌಕರ, ಎದ್ದು ಬಂದು, "ಬೀಸಬೇಡ ಮರಿ, ತಳ್ಳು. ಭುಜ ತಿರುಗಿಸಿ ಚೆಂಡಿನ ಜೊತೆ ಮುಂದಕ್ಕೆ ಹೋಗು" ಅಂದರು. ಅಷ್ಟು ಹೇಳಿ ಹೋಗಿ ಮತ್ತೆ ಕೂತರು.

ನನ್ನ ಕಡೆ ಬೇರೆಯದೇ ಕಷ್ಟ. ನಾನು ಆಟ ಕಲಿತದ್ದು ಎಂಬತ್ತರ ದಶಕದಲ್ಲಿ, ಅಪ್ಪನ ಇದೇ ಬ್ಯಾಟಿನಲ್ಲಿ. ನನ್ನ ಹೊಡೆತ ಚಪ್ಪಟೆ. ಹುಡುಗನ ಬ್ಯಾಟಿನಲ್ಲಿ ಹಾಗೆ ಹೊಡೆದರೆ ಚೆಂಡು ನೇರ ಹಿಂದಿನ ಬಲೆಗೆ. "ಜೋರಾಗಿ ಹೊಡಿ ಚಿಕ್ಕಮ್ಮ, ಮೇಲಕ್ಕೆ ಹೊಡಿ, ಒಳಗೇ ಬೀಳತ್ತೆ" ಅಂದ. ಹೊರಗೆ ಹೋಗುವ ಚೆಂಡನ್ನು ಒಳಗೆ ಬೀಳಿಸಲು ಇನ್ನೂ ಜೋರಾಗಿ ಹೊಡೆಯಬೇಕು ಎಂಬುದು ನನ್ನ ಕಾಲದ ಬುದ್ಧಿಗೆ ಒಗ್ಗುವ ಮಾತಲ್ಲ. ಆದರೂ ಹೊಡೆದೆ, ಬಿತ್ತು. ಪಾಲಿಯೆಸ್ಟರ್ ಗಟ್‌ನ ಗುಟ್ಟು ಇದೇ. ಚೆಂಡು ತಗುಲಿದಾಗ ಎಳೆ ಪಕ್ಕಕ್ಕೆ ಜಾರಿ, ಚೆಂಡು ಬಿಡುವಷ್ಟರಲ್ಲಿ ಚಿಮ್ಮಿ ತನ್ನ ಜಾಗಕ್ಕೆ ಮರಳುತ್ತದೆ. ಹಾಗೆ ಮರಳುವಾಗ ಚೆಂಡನ್ನು ತಿರುವಿ ಬಿಡುತ್ತದೆ. ಜೋರು ಹೆಚ್ಚಿದಷ್ಟೂ ತಿರುವು ಹೆಚ್ಚು, ತಿರುವು ಹೆಚ್ಚಿದಷ್ಟೂ ಚೆಂಡು ಬೇಗ ಕೆಳಗಿಳಿಯುತ್ತದೆ. 1997ರಲ್ಲಿ ಗುಸ್ತಾವೊ ಕುರ್ಟನ್ ಎಂಬ ಬ್ರೆಜಿಲ್ ಹುಡುಗ ಈ ಗಟ್ ಕಟ್ಟಿಸಿಕೊಂಡು ಬಂದು ಫ್ರೆಂಚ್ ಓಪನ್ ಗೆದ್ದ ಮೇಲೆ ಇಡೀ ಆಟವೇ ಅತ್ತ ತಿರುಗಿತು.

ಆಮೇಲೆ ನಡೆದದ್ದನ್ನು ನೋಡಲೆಂದೇ ನಾನು ಅವತ್ತು ಹೋಗಿದ್ದೆನೋ ಏನೋ. ಮುಕ್ಕಾಲು ಗಂಟೆ ಕಳೆದಿರಬಹುದು, ಯಾರೂ ಹೇಳಿಕೊಡದೆ ಹುಡುಗನ ಹಿಡಿತ ಬದಲಾಗಿತ್ತು. ಎರಡು ಕೈ ಬ್ಯಾಕ್‌ಹ್ಯಾಂಡ್ ಬಿಟ್ಟು ಒಂದೇ ಕೈಯಲ್ಲಿ, ಚೆಂಡನ್ನು ಕೆಳಗಡೆ ಕೊಯ್ದ ಹಾಗೆ, ಸ್ಲೈಸ್ ಮಾಡತೊಡಗಿದ. ಬೇಸ್‌ಲೈನಿನಿಂದ, ಅಂದರೆ ಕೋರ್ಟಿನ ಹಿಂದಿನ ಗೆರೆಯಿಂದ, ಪಾಯಿಂಟ್ ಗೆಲ್ಲುವುದು ಈ ಬ್ಯಾಟಿನಲ್ಲಿ ಆಗದು ಅಂತ ಕೈಗೆ ಗೊತ್ತಾಗುತ್ತಿದ್ದಂತೆ ಕಾಲು ನೆಟ್ಟಿನ ಕಡೆ ನಡೆಯಿತು. ಚೆಂಡು ನೆಲಕ್ಕೆ ಬೀಳುವ ಮೊದಲೇ ವಾಲಿ ಹೊಡೆಯುವಾಗ ಆ ಭಾರದ ಮರ ಅವನಿಗೆ ಆಸರೆಯಾಯಿತು. ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರೆ ಸಾಕು, ಚೆಂಡು ಕಲ್ಲು ಬಿದ್ದ ಹಾಗೆ ಅಲ್ಲೇ ಬೀಳುತ್ತಿತ್ತು. 2008ರಲ್ಲಿ ಹುಟ್ಟಿದ ಹುಡುಗ ನನ್ನ ಕಣ್ಣೆದುರಿಗೇ 1969ರ ಆಟ ಆಡತೊಡಗಿದ್ದ. ಅಪ್ಪ ಹೀಗೇ ಆಡುತ್ತಿದ್ದರು. ಗಂಟಲು ಕಟ್ಟಿತು, ಎರಡು ಪಾಯಿಂಟ್ ಸುಮ್ಮನೆ ಬಿಟ್ಟುಕೊಟ್ಟೆ.

1991ರ ಇಬ್ಬರು

ಹಾಗಾದರೆ ಉಲ್ಟಾ ಕೂಡ ನಿಜವೆ? ಹಳಬರ ಕೈಗೆ ಹೊಸ ಬ್ಯಾಟು ಕೊಟ್ಟು ಬಿಟ್ಟರೆ ಅವರೂ ಹೊಸಬರಾಗುತ್ತಾರೆಯೆ? ಅಷ್ಟು ಸುಲಭವಿಲ್ಲ. ಇದನ್ನು ಪರೀಕ್ಷೆ ಮಾಡಿದವರು ಒಬ್ಬರಿದ್ದಾರೆ, ಅವರ ಕಥೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬ್ಯೋರ್ನ್ ಬೋರ್ಗ್. ಆರು ಫ್ರೆಂಚ್ ಪ್ರಶಸ್ತಿ, ಸತತ ಐದು ವಿಂಬಲ್ಡನ್, 26ನೇ ವಯಸ್ಸಿಗೆ ನಿವೃತ್ತಿ. 1991ರ ವಸಂತದಲ್ಲಿ, 34ನೇ ವಯಸ್ಸಿನಲ್ಲಿ, ಮಾಂಟೆ ಕಾರ್ಲೊದ ಆವೆಮಣ್ಣಿನ ಅಂಕಣಕ್ಕೆ ಮರಳಿ ಬಂದರು. ಕೈಯಲ್ಲಿ ಮರದ ಬ್ಯಾಟು. ಅಷ್ಟು ಹೊತ್ತಿಗೆ ವೃತ್ತಿಪರ ಆಟಗಾರರಲ್ಲಿ ಮರ ಹಿಡಿದವರು ಯಾರೂ ಉಳಿದಿರಲಿಲ್ಲ. ಎದುರಿಗೆ ಸ್ಪೇನಿನ ಜೋರ್ಡಿ ಅರೇಸೆ, ಮಣ್ಣಿನಲ್ಲೇ ಬೆಳೆದ ಗಟ್ಟಿ ಆಟಗಾರ, ಮುಂದಿನ ವರ್ಷ ಬಾರ್ಸಿಲೋನಾದಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದವರು. ಪಂದ್ಯ 6-2, 6-3ಕ್ಕೆ ಮುಗಿಯಿತು. ಇದನ್ನು ನೋಡಿದವರು ಮರದ ಬ್ಯಾಟೇ ಸೋತಿತು ಎನ್ನಬಹುದು. ಆದರೆ ಮುಂದಿನ ವರ್ಷ ಬೋರ್ಗ್ ಗ್ರಾಫೈಟ್ ಬ್ಯಾಟು ಹಿಡಿದು ಬಂದರು. ಆಗಲೂ ಗೆಲ್ಲಲಿಲ್ಲ. ಮರಳಿ ಬಂದ ಆ ವರ್ಷಗಳಲ್ಲಿ ವೃತ್ತಿಪರ ಟೂರ್ನಿಗಳ ಒಂದು ಪಂದ್ಯವನ್ನೂ ಅವರು ಗೆಲ್ಲಲಿಲ್ಲ.

ಅದೇ 1991ರ ಯುಎಸ್ ಓಪನ್‌ನಲ್ಲಿ ಇನ್ನೊಬ್ಬರು ಆಡಿದರು. ಜಿಮ್ಮಿ ಕಾನರ್ಸ್, ಬೋರ್ಗ್‌ಗಿಂತ ನಾಲ್ಕು ವರ್ಷ ಹಿರಿಯರು. ಮೊದಲ ಸುತ್ತಿನಲ್ಲಿ ಎರಡು ಸೆಟ್ ಹಿಂದಿದ್ದು ಗೆದ್ದರು. ತಮ್ಮ 39ನೇ ಹುಟ್ಟುಹಬ್ಬದ ದಿನ ಆರನ್ ಕ್ರಿಕ್‌ಸ್ಟೀನ್ ಎದುರು ಐದನೇ ಸೆಟ್ಟಿನ ಟೈಬ್ರೇಕರ್‌ನಲ್ಲಿ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) ಗೆದ್ದರು. ಸೆಮಿಫೈನಲ್‌ನಲ್ಲಿ ಜಿಮ್ ಕೊರಿಯರ್‌ಗೆ ಸೋತರು. ಎಪ್ಪತ್ತರ ದಶಕದಲ್ಲಿ ಇದೇ ಬೋರ್ಗ್ ಮತ್ತು ಕಾನರ್ಸ್ ವಿಂಬಲ್ಡನ್ ಫೈನಲ್‌ಗಳಲ್ಲಿ ಎರಡು ಸಲ ಎದುರುಬದುರಾಗಿದ್ದವರು, ಎರಡರಲ್ಲೂ ಗೆದ್ದದ್ದು ಬೋರ್ಗ್. ಒಂದೇ ಕಾಲದ ಇಬ್ಬರನ್ನು ಮುಂದಿನ ಕಾಲದ ಅಂಕಣಕ್ಕೆ ಬಿಟ್ಟಾಗ ಒಬ್ಬರಿಗೆ ಒಂದು ಗೆಲುವೂ ಸಿಗಲಿಲ್ಲ, ಇನ್ನೊಬ್ಬರು ಸೆಮಿಫೈನಲ್ ಮುಟ್ಟಿದರು. ನಡುವಿನ ವ್ಯತ್ಯಾಸ ಪ್ರತಿಭೆಯದಾಗಿರಲು ಸಾಧ್ಯವೇ ಇಲ್ಲ. ಕಾನರ್ಸ್ ಎಂದೂ ಆಟ ಬಿಟ್ಟು ಹೋಗಿರಲಿಲ್ಲ. ಉಕ್ಕಿನ ಬ್ಯಾಟಿನಿಂದ ಗ್ರಾಫೈಟ್‌ಗೆ, ಯುಎಸ್ ಓಪನ್ ಮೊದಲು ನಡೆಯುತ್ತಿದ್ದ ಹುಲ್ಲಿನ ಫಾರೆಸ್ಟ್ ಹಿಲ್ಸ್‌ನಿಂದ ಈಗ ನಡೆಯುವ ಗಟ್ಟಿ ನೆಲದ ಫ್ಲಶಿಂಗ್ ಮೆಡೋಸ್‌ಗೆ, ಮೆಕೆನ್ರೊ, ಲೆಂಡ್ಲ್, ಬೆಕರ್, ಅಗಾಸಿ ಒಬ್ಬೊಬ್ಬರಾಗಿ ಬಂದಂತೆ ಪ್ರತಿಯೊಬ್ಬರ ಹೊಡೆತವನ್ನೂ ಅವರು ಮೈಮೇಲೆ ತೆಗೆದುಕೊಂಡಿದ್ದರು. ಕಾಲ ಅವರನ್ನು ದಿನಕ್ಕಿಷ್ಟು ಅಂತ ಬದಲಾಯಿಸಿತ್ತು. ಬೋರ್ಗ್ ಎಂಟು ವರ್ಷದ ಬದಲಾವಣೆಯನ್ನು ಒಂದೇ ಮಧ್ಯಾಹ್ನ ಎದುರಿಸಬೇಕಾಯಿತು.

"ಲೇವರ್ ಈಗ ಬಂದರೆ" ಎಂಬ ಪ್ರಶ್ನೆಯಲ್ಲಿ ನನ್ನನ್ನು ಕಾಡಿದ್ದು ಇದೇ. ಹಾಗೆ ಕೇಳುವಾಗ ನಾವು ಲೇವರ್‌ರನ್ನು ಮಾಂಟೆ ಕಾರ್ಲೊದ ಬೋರ್ಗ್ ಮಾಡಿ ನಿಲ್ಲಿಸುತ್ತೇವೆ. ನೆಲ, ಗಟ್ಟು, ಊಟ, ತರಬೇತಿ, ಎದುರಾಳಿ ಎಲ್ಲವನ್ನೂ ಕಿತ್ತುಕೊಂಡು, ಆಡು ಅನ್ನುತ್ತೇವೆ. ಜೋಕೊವಿಚ್‌ಗೂ ಇದೇ ಶಿಕ್ಷೆ ಕೊಡಬಹುದು. 1969ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ಗೆ, ಬ್ರಿಸ್ಬೇನಿನ ಹುಲ್ಲಿನ ಮೇಲೆ, ಮ್ಯಾಕ್ಸ್‌ಪ್ಲೈ ಕೊಟ್ಟು ಕಳಿಸಿ. ಅಲ್ಲಿ ಲೇವರ್ ಮತ್ತು ಟೋನಿ ರೋಶ್ ಸುಡು ಬಿಸಿಲಲ್ಲಿ 7-5, 22-20, 9-11, 1-6, 6-3ರ ತನಕ ಆಡಿದರು. ಟೈಬ್ರೇಕರ್ ಇನ್ನೂ ಬಂದಿರಲಿಲ್ಲ. ಒಟ್ಟು ತೊಂಬತ್ತು ಗೇಮ್. ಟೋಪಿಯೊಳಗೆ ಒದ್ದೆ ಕೋಸಿನ ಎಲೆ ಇಟ್ಟುಕೊಂಡು ಆಡಿದೆವು ಎಂದು ಲೇವರ್ ಹೇಳಿಕೊಂಡಿದ್ದಾರೆ. ಚೆಂಡು ಮೊಣಕಾಲಿನ ಎತ್ತರಕ್ಕೂ ಏಳದ, ಎಲ್ಲೆಂದರಲ್ಲಿ ಜಾರುವ ಆ ನೆಲದಲ್ಲಿ ಜೋಕೊವಿಚ್ ಬೇಸ್‌ಲೈನಿನಲ್ಲಿ ನಿಂತು ಏನು ಮಾಡಿಯಾರು? ಅವರೂ ಮೊದಲು ಚೌಕಟ್ಟಿಗೇ ಹೊಡೆಯುತ್ತಾರೆ, ನಮ್ಮ ಹುಡುಗನ ಹಾಗೆ. ಮುಕ್ಕಾಲು ಗಂಟೆಯಲ್ಲಿ ಕಲಿಯಲೂ ಕಲಿಯುತ್ತಾರೆ, ಅದನ್ನೂ ನಂಬುತ್ತೇನೆ.

ಎಣಿಕೆಯ ಮಾತು

ಹುಡುಗರು ಕೊನೆಗೆ ಎತ್ತುವುದು ಗೆದ್ದ ಗ್ರ್ಯಾನ್‌ಸ್ಲಾಮ್‌ಗಳ ಸಂಖ್ಯೆ, ಅಂದರೆ ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಎಂಬ ನಾಲ್ಕು ದೊಡ್ಡ ಟೂರ್ನಿಗಳದು. ಜೋಕೊವಿಚ್ 24, ನಡಾಲ್ 22, ಫೆಡರರ್ 20, ಲೇವರ್ ಬರೀ 11. ಈ ಹನ್ನೊಂದರ ಹಿಂದೆ 1963ರಿಂದ 1967ರವರೆಗಿನ ಐದು ವರ್ಷ ಖಾಲಿ ಇದೆ. ದುಡ್ಡಿಗೆ ಆಡುವ ವೃತ್ತಿಪರರನ್ನು ಗ್ರ್ಯಾನ್‌ಸ್ಲಾಮ್‌ಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲು ತೆರೆದದ್ದು 1968ರಲ್ಲಿ. ಲೇವರ್ ಆಡದೇ ಹೋದ ಟೂರ್ನಿಗಳು ಇಪ್ಪತ್ತು. ಅದೇ ಐದು ವರ್ಷದಲ್ಲಿ ರಾಯ್ ಎಮರ್ಸನ್ ಹತ್ತು ಪ್ರಶಸ್ತಿ ಗೆದ್ದರು, ಒಟ್ಟು ಹನ್ನೆರಡಕ್ಕೆ ಏರಿದರು, 2000ದಲ್ಲಿ ಸಾಂಪ್ರಾಸ್ ದಾಟುವವರೆಗೂ ಅದೇ ದಾಖಲೆ. ಬೋರ್ಗ್ ತಮ್ಮ ಇಡೀ ಆಟದ ಜೀವನದಲ್ಲಿ ಆಸ್ಟ್ರೇಲಿಯನ್ ಓಪನ್‌ಗೆ ಹೋದದ್ದು ಒಂದೇ ಸಲ. ಆಗ ಯಾರೂ ಎಣಿಸುತ್ತಿರಲಿಲ್ಲ, ಎಣಿಸಬೇಕೆಂದು ಗೊತ್ತಿದ್ದಿದ್ದರೆ ಹೋಗುತ್ತಿದ್ದರೋ ಏನೋ.

ಆದರೆ ಅಪ್ಪನ ಪಕ್ಷ ವಹಿಸಿ ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಮಾತಾಡಿದ ಹಾಗಾಗುತ್ತದೆ. 1962ರಲ್ಲಿ ಲೇವರ್ ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದಾಗ, ಆಗಲೇ ವೃತ್ತಿಪರರಾಗಿದ್ದ ರೋಸ್‌ವಾಲ್, ಹೋಡ್, ಗೊನ್ಸಾಲೆಸ್ ಯಾರೂ ಅಲ್ಲಿರಲಿಲ್ಲ. ಮರುವರ್ಷ ವೃತ್ತಿಪರರಾಗಿ ಅವರೆದುರು ನಿಂತಾಗ ಲೂ ಹೋಡ್‌ಗೆ ಎಂಟಕ್ಕೆ ಎಂಟೂ ಸೋತರು, ಕೆನ್ ರೋಸ್‌ವಾಲ್‌ಗೆ ಹದಿಮೂರರಲ್ಲಿ ಹನ್ನೊಂದು ಸೋತರು. ವಿಶ್ವದ ಅತ್ಯುತ್ತಮ ಎನಿಸಿಕೊಂಡವರು ಊರೂರು ಸುತ್ತುತ್ತಾ ಸೋತು ಸೋತು ಕಲಿತರು, ಮುಂದೆ ಅವರನ್ನೂ ಮೀರಿದರು. 1969ರಲ್ಲಿ ಎರಡನೇ ಸಲ ನಾಲ್ಕೂ ಗೆದ್ದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದು ಇದಕ್ಕೇ. ಆಗ ಎಲ್ಲರೂ ಇದ್ದರು, ಬಾಗಿಲು ತೆರೆದಿತ್ತು.

ಇನ್ನೊಂದು ಮಾತಿನಲ್ಲಿ ಹುಡುಗ ಸರಿ. ಲೇವರ್ ಎತ್ತರ ಐದು ಅಡಿ ಎಂಟು ಅಂಗುಲ. ಬ್ಯಾಟು ಬದಲಾಗಬಹುದು, ಬಾಲ್ಯವನ್ನೇ ಇನ್ನೊಮ್ಮೆ ಕೊಟ್ಟು ಈ ಕಾಲದಲ್ಲಿ ಬೆಳೆಸಬಹುದು ಎಂದು ಊಹಿಸಿಕೊಂಡರೂ ಎತ್ತರವನ್ನು ಎಷ್ಟು ಹಿಗ್ಗಿಸಲಾದೀತು? ಇವತ್ತಿನ ಸರ್ವ್‌ಗೆ ಎತ್ತರವೇ ಮೊದಲ ಬಂಡವಾಳ. ಅದಕ್ಕಿಂತ ಗಿಡ್ಡ ಡಿಯೆಗೊ ಶ್ವಾರ್ಟ್ಸ್‌ಮನ್ 2020ರಲ್ಲಿ ಫ್ರೆಂಚ್ ಸೆಮಿಫೈನಲ್ ಆಡಿ ಮೊದಲ ಹತ್ತರೊಳಗೆ ಬಂದದ್ದು ನಿಜ. ಅದಕ್ಕಿಂತ ಮೇಲೆ ಹೋಗಲಾಗಲಿಲ್ಲ ಎಂಬುದೂ ನಿಜ. ಲೇವರ್ ಈಗ ಹುಟ್ಟಿ ಬೆಳೆದಿದ್ದರೆ ಹತ್ತರೊಳಗೆ ಖಂಡಿತ ಇರುತ್ತಿದ್ದರು, ಆವೆಮಣ್ಣಿನಲ್ಲಿ ದೊಡ್ಡದೊಂದು ಗೆಲ್ಲುತ್ತಿದ್ದರು ಎಂದು ನನ್ನ ನಂಬಿಕೆ. ವರ್ಷಕ್ಕೆ ನಾಲ್ಕೂ ಗೆಲ್ಲುತ್ತಿದ್ದರು ಎನ್ನಲಾರೆ. ಇದನ್ನು ಅಪ್ಪನ ಫೋಟೊ ಕೆಳಗೆ ಕೂತು ಬರೆಯುವುದು ಕಷ್ಟವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಕೈಯಿಂದ ಕೈಗೆ

ನಿಜವಾದ ಪಂದ್ಯಗಳ ಸರಪಳಿಯೊಂದಿದೆ, ಅಪ್ಪ ಹೇಳಿಕೊಟ್ಟದ್ದು. ಅವರಿಗೆ ಅದು ಕೃಷ್ಣನ್‌ರಿಂದ ಶುರುವಾಗುತ್ತಿತ್ತು. 1961ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ರಾಮನಾಥನ್ ಕೃಷ್ಣನ್ ಲೇವರ್‌ಗೆ ಸೋತರು. 1973ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ವಿಜಯ್ ಅಮೃತರಾಜ್ ಅದೇ ಲೇವರ್‌ರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದರು, ಮರುವರ್ಷ ಅಲ್ಲೇ ಹದಿಹರೆಯದ ಬೋರ್ಗ್‌ರನ್ನೂ. "ಒಬ್ಬನೇ ಹುಡುಗ, ಒಂದು ಕೈಯಲ್ಲಿ ಹಿಂದಿನ ಕಾಲ, ಇನ್ನೊಂದು ಕೈಯಲ್ಲಿ ಮುಂದಿನ ಕಾಲ ಹಿಡಿದಿದ್ದ ನೋಡು" ಎಂದು ಅಪ್ಪ ಎಷ್ಟು ಸಲ ಹೇಳಿದ್ದಾರೋ. ನಾನು ಅದಕ್ಕೆ ಇನ್ನೊಂದು ಎಳೆ ಸೇರಿಸಿಕೊಂಡಿದ್ದೇನೆ. 1953ರಲ್ಲಿ ಮೊದಲ ಗ್ರ್ಯಾನ್‌ಸ್ಲಾಮ್ ಗೆದ್ದ ರೋಸ್‌ವಾಲ್ 39ನೇ ವಯಸ್ಸಿನಲ್ಲಿ, 1974ರ ವಿಂಬಲ್ಡನ್ ಫೈನಲ್‌ನಲ್ಲಿ ಕಾನರ್ಸ್‌ಗೆ ಸೋತರು. ಕಾನರ್ಸ್ 1988ರ ಯುಎಸ್ ಓಪನ್‌ನಲ್ಲಿ ಅಗಾಸಿಗೆ ಸೋತರು. ಅಗಾಸಿ 2005ರ ಫೈನಲ್‌ನಲ್ಲಿ ಫೆಡರರ್‌ಗೆ, ಫೆಡರರ್ 2019ರ ವಿಂಬಲ್ಡನ್‌ನಲ್ಲಿ ಜೋಕೊವಿಚ್‌ಗೆ, ಜೋಕೊವಿಚ್ 2023ರಲ್ಲಿ ಅದೇ ಹುಲ್ಲಿನ ಮೇಲೆ ಅಲ್ಕರಾಜ್‌ಗೆ. ಎಪ್ಪತ್ತು ವರ್ಷವನ್ನು ಆರು ಜನ ದಾಟಿಸಿದ್ದಾರೆ. ಹೆಂಗಸರ ಆಟದಲ್ಲಿ ನನಗೆ ಪ್ರಿಯವಾದ ಕೊಂಡಿ 1999ರದು: ಕೊನೆಯ ವರ್ಷದ ಸ್ಟೆಫಿ ಗ್ರಾಫ್, ಹದಿನೇಳರ ಸೆರೆನಾ ವಿಲಿಯಮ್ಸ್. ಆಡಿದ್ದು ಎರಡೇ ಪಂದ್ಯ. ಸಿಡ್ನಿಯಲ್ಲಿ ಸ್ಟೆಫಿ ಗೆದ್ದರು, ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ ಸೆರೆನಾ. ಎರಡೂ ಮೂರು ಸೆಟ್.

ಸರಪಳಿಯಲ್ಲಿ ಸಾಮಾನ್ಯವಾಗಿ ಕಿರಿಯರೇ ಗೆಲ್ಲುತ್ತಾರೆ, ಅದು ವಯಸ್ಸಿನ ಕಥೆ. ಆದರೆ ಯಾವ ಕೊಂಡಿಯಲ್ಲೂ ಆಟ ಒಮ್ಮೆಲೇ ಹಾರಿಹೋಗಿ ಗುರುತು ಸಿಗದಂತಾಗಿಲ್ಲ. ಇದನ್ನು ನಾನು ಕಣ್ಣಾರೆ ಕಂಡದ್ದು 2001ರ ಜುಲೈಯಲ್ಲಿ, ಅಪ್ಪನ ಜೊತೆ ಟಿವಿ ಮುಂದೆ. ವಿಂಬಲ್ಡನ್ ನಾಲ್ಕನೇ ಸುತ್ತು, ಸತತ 31 ಪಂದ್ಯ ಗೆದ್ದಿದ್ದ ಸಾಂಪ್ರಾಸ್, ಎದುರಿಗೆ ಜುಟ್ಟು ಕಟ್ಟಿದ ಹತ್ತೊಂಬತ್ತರ ಫೆಡರರ್. ಇಬ್ಬರ ಕೈಯಲ್ಲೂ ಪುಟ್ಟ ಮುಖದ ವಿಲ್ಸನ್ ಪ್ರೊ ಸ್ಟಾಫ್. ಇಬ್ಬರದೂ ಒಂದೇ ಕೈ ಬ್ಯಾಕ್‌ಹ್ಯಾಂಡ್, ಇಬ್ಬರೂ ಸರ್ವ್ ಮಾಡಿ ನೆಟ್ಟಿಗೆ ಓಡುವವರು. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆಯನ್ನೇ ಟಿವಿ ಮುಂದೆ ತಂದಿಟ್ಟರು. ಐದನೇ ಸೆಟ್ 7-5ಕ್ಕೆ ಮುಗಿದಾಗ ಸಾರನ್ನ ತಣ್ಣಗಾಗಿತ್ತು. "ಸಾಂಪ್ರಾಸ್ ತನ್ನ ಆಟಕ್ಕೇ ಸೋತ" ಅಂದರು ಅಪ್ಪ.

ಅದೇ ವರ್ಷ ವಿಂಬಲ್ಡನ್ನಿನವರು ಹುಲ್ಲಿನ ಬಿತ್ತನೆ ಬದಲಿಸಿದ್ದರು. ಪೂರ್ತಿ ರೈ ಹುಲ್ಲು, ಕೆಳಗೆ ಗಟ್ಟಿ ಮಣ್ಣು, ಚೆಂಡು ಮೇಲೇಳತೊಡಗಿತು. 2001ರ ಫೈನಲ್ ಆಡಿದವರು ಇವಾನಿಸೆವಿಚ್ ಮತ್ತು ರಾಫ್ಟರ್, ಇಬ್ಬರೂ ನೆಟ್ಟಿನ ಆಟಗಾರರು. ಮರುವರ್ಷದ ಫೈನಲ್ ಹ್ಯೂಯಿಟ್ ಮತ್ತು ನಲ್ಬಂಡಿಯನ್, ಇಬ್ಬರೂ ಬೇಸ್‌ಲೈನ್ ಬಿಟ್ಟು ಕದಲದವರು. ಆಮೇಲಿನ ವರ್ಷಗಳಲ್ಲಿ ಫೆಡರರ್ ಕೂಡ ನಿಧಾನಕ್ಕೆ ಹಿಂದಕ್ಕೆ ಸರಿದರು. 2008ರಲ್ಲಿ ನಡಾಲ್ ಎದುರು ಕತ್ತಲಾಗುವವರೆಗೆ ಫೈನಲ್ ಆಡಿದ ಫೆಡರರ್, ಸಾಂಪ್ರಾಸ್‌ರನ್ನು ಸೋಲಿಸಿದ ಫೆಡರರ್ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಬೇರೆ ಬೇರೆ ಕಾಲದವರು ಅನ್ನಿಸುತ್ತದೆ. ಒಬ್ಬನೇ ಮನುಷ್ಯ, ಅದೇ ಹುಲ್ಲು, ನಡುವೆ ಏಳು ವರ್ಷ. ಅವರೊಳಗಿನ ಈ ಇಬ್ಬರಲ್ಲಿ ಯಾರು ಗೆಲ್ಲುತ್ತಿದ್ದರು? ಯಾವ ಹುಲ್ಲು, ಯಾವ ಗಟ್ಟು ಎಂದು ಕೇಳದೆ ನಾನು ಹೇಳಲಾರೆ.

ಸದ್ದು

ವಿಡಿಯೊ ನೋಡಿ ತೂಗುವವರಿಗೆ ಇನ್ನೊಂದು ಹೇಳಬೇಕು. 2008ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕ್ರೀಡಾಂಗಣದಲ್ಲಿ ಸೆರೆನಾ ಮತ್ತು ಅವರ ಅಕ್ಕ ವೀನಸ್ ಸೆಮಿಫೈನಲ್ ಆಡಿದರು. 6-3, 3-6, 7-6, ಗೆದ್ದದ್ದು ಸೆರೆನಾ. ಅವತ್ತಿಗೆ ನಾನು ಅವರಿಬ್ಬರನ್ನು ಹತ್ತು ವರ್ಷದಿಂದ ಟಿವಿಯಲ್ಲಿ ನೋಡಿದ್ದೆ, ಗೊತ್ತಿದೆ ಎಂದುಕೊಂಡಿದ್ದೆ. ಹತ್ತಿರ ಕೂತಾಗ ಮೊದಲು ಬಂದದ್ದು ಸದ್ದು. ಚೆಂಡು ಬ್ಯಾಟಿಗೆ ತಗುಲುವ ಸದ್ದು ಎದೆಗೆ ಬಂದು ತಾಗುತ್ತಿತ್ತು. ಟಿವಿಯ ಕ್ಯಾಮರಾ ಎತ್ತರದಲ್ಲಿ, ಹಿಂದೆ ಇರುತ್ತದೆ. ಕೋರ್ಟು ಚಪ್ಪಟೆಯಾಗಿ, ಚೆಂಡು ಹಗುರವಾಗಿ ಕಾಣುತ್ತದೆ. ಚೆಂಡು ಎಷ್ಟು ಭಾರವಾಗಿ ಬರುತ್ತದೆ, ಅದನ್ನು ಎದುರಿಸಲು ಎಷ್ಟು ಕಡಿಮೆ ಹೊತ್ತು ಸಿಗುತ್ತದೆ ಎಂಬುದು ಅದರಲ್ಲಿ ಬರುವುದೇ ಇಲ್ಲ. ಈಗಿನ ಕ್ಯಾಮರಾವೇ ಇಷ್ಟು ಮುಚ್ಚಿಡುವುದಾದರೆ 1969ರ ಆ ಮಬ್ಬು ಚಿತ್ರ ಎಷ್ಟನ್ನು ನುಂಗಿರಬೇಡ?

ಹುಡುಗ ಹೊರಡುವ ಹಿಂದಿನ ರಾತ್ರಿ ಮತ್ತೆ ಅದೇ ಫೈನಲ್ ಹಾಕಿಕೊಂಡು ಕೂತಿದ್ದ. ಈ ಸಲ ನಾನು ಕಳಿಸಿದ್ದಕ್ಕಲ್ಲ, ತಾನಾಗಿಯೇ. ಮೂರನೇ ಸೆಟ್‌ನಲ್ಲಿ ಲೇವರ್ 1-4 ಹಿಂದಿದ್ದರು, ಅಲ್ಲಿಂದ ಸತತ ಐದು ಗೇಮ್ ಗೆದ್ದು 6-4ಕ್ಕೆ ಸೆಟ್ ಮುಗಿಸಿದರು. ಆ ಹೊತ್ತಿನಲ್ಲಿ ಓಡುತ್ತಾ ಹೊಡೆದ ಒಂದು ಬ್ಯಾಕ್‌ಹ್ಯಾಂಡ್ ಇದೆ, ನೆಟ್ ದಾಟಿ ತೀರಾ ಓರೆಯಾಗಿ ಪಕ್ಕಕ್ಕೆ ಬೀಳುತ್ತದೆ. ಅದನ್ನು ನಿಲ್ಲಿಸಿ, ಹಿಂದೆ ಹಾಕಿ, ಮತ್ತೆ ನೋಡಿದ. ಮೂರು ಸಲ.

"ತಾತನ ಬ್ಯಾಟಲ್ಲಿ ಇದನ್ನ ಹೊಡೆದಿದ್ದಾರಾ?"

ಅದೇ ಬ್ಯಾಟು ಅಂದೆ.

ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಮ್ಯಾಕ್ಸ್‌ಪ್ಲೈ ತಂದು, ಲೇವರ್ ಹಾಗೆಯೇ ಎಡಗೈಯಲ್ಲಿ ಹಿಡಿದು, ಹಜಾರದ ಮಧ್ಯೆ ನಿಂತು ಆ ಹೊಡೆತವನ್ನು ಗಾಳಿಯಲ್ಲಿ ಬಿಡಿಸಿ ನೋಡಿದ. ಮಣಿಕಟ್ಟು ತಿರುಗಿಸುವಲ್ಲಿ ಬ್ಯಾಟು ಭಾರಕ್ಕೆ ಜೋಲಿತು. ಇನ್ನೊಮ್ಮೆ ಮಾಡಿದ. ನಂತರ ಪ್ರೆಸ್ ಎಲ್ಲಿದೆ ಎಂದು ಕೇಳಿ, ಬ್ಯಾಟನ್ನು ಅದರೊಳಗಿಟ್ಟು, ನಾಲ್ಕೂ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ.